ಬಿದ್ದಷ್ಟು ಬರೆಯುವುದು

ಜೂನ್ ಕಳೆದು ಜುಲೈ ಕಾಲಿಟ್ಟಿತೆಂದರೆ ಶಿವಮೊಗ್ಗದ ಪತ್ರಿಕೆಗಳ ಒಳಪುಟದಲ್ಲಿ ಒಂದು ಸಣ್ಣ ಪಟ್ಟಿ ಕಾಣಿಸಿಕೊಳ್ಳುತ್ತದೆ. ಹುಲಿಕಲ್, ಮಾಸ್ತಿಕಟ್ಟೆ, ಯಡೂರು, ಮಾಣಿ, ಚಕ್ರಾ, ಸಾವೇಹಕ್ಲು. ಒಂದೊಂದು ಹೆಸರಿನ ಮುಂದೆಯೂ ಹಿಂದಿನ ದಿನ ಸುರಿದ ಮಳೆ ಮಿಲಿಮೀಟರ್ ಲೆಕ್ಕದಲ್ಲಿ. ಹೊಸನಗರ ತಾಲ್ಲೂಕಿನ ಆಚೆಗಿನ ಬಹಳ ಮಂದಿಗೆ ಈ ಊರುಗಳ ಪರಿಚಯ ಇರುವುದೇ ಆ ಪಟ್ಟಿಯಿಂದ. ಅದರಲ್ಲಿ ಮಾಸ್ತಿಕಟ್ಟೆ ಎಲ್ಲಿದೆ ಎಂದು ನಾನು ಇಂದಿಗೂ ಹುಡುಕುತ್ತೇನೆ. ಬರವಣಿಗೆಯನ್ನು ಬಿಟ್ಟೇಬಿಡಬೇಕು ಅಂದುಕೊಂಡಿದ್ದ ನಾನು ಬಿಡದೆ ಉಳಿದದ್ದು ಆ ಊರಿನ ಒಂದು ಮಳೆಗಾಲದ ದೆಸೆಯಿಂದ.

ತೀರ್ಥಹಳ್ಳಿಯಿಂದ ಕುಂದಾಪುರದ ಕಡೆ ಹೋಗುವ ಬಸ್ಸು ಯಡೂರು ದಾಟಿದ ಮೇಲೆ ಮಾಸ್ತಿಕಟ್ಟೆ ಸಿಗುತ್ತದೆ. ಅಲ್ಲಿಂದ ಮುಂದೆ ಹುಲಿಕಲ್, ಚಂಡಿಕಾಂಬೆಯ ಗುಡಿ, ಆಮೇಲೆ ಬಾಳೆಬರೆ ಘಾಟಿಯ ತಿರುವುಗಳು. ಕೆಳಗಿಳಿದರೆ ಹೊಸಂಗಡಿ. ಮೇಲೆ ಮಾಣಿಯಲ್ಲಿ ವಾರಾಹಿಯ ನೀರನ್ನು ಕಟ್ಟಿ ನಿಲ್ಲಿಸಿ, ಘಟ್ಟದ ಒಳಗಿಂದಲೇ ಇಳಿಸಿ, ಹೊಸಂಗಡಿಯ ನೆಲದಡಿಯ ವಿದ್ಯುದಾಗಾರದಲ್ಲಿ ಕರೆಂಟು ತೆಗೆಯುತ್ತಾರೆ. 1989ರಲ್ಲಿ ಆ ಕೇಂದ್ರ ಶುರುವಾಯಿತು. ನಾನು ಹೋದ ಕಾಲಕ್ಕೆ ಅಲ್ಲಿ ಎರಡೇ ಯಂತ್ರಗಳು. 2009ರಲ್ಲಿ ಇನ್ನೆರಡು ಸೇರಿ ಈಗ ಒಟ್ಟು 460 ಮೆಗಾವ್ಯಾಟ್. ಈ ಯೋಜನೆಯವರಿಗೆಂದು ಕರ್ನಾಟಕ ವಿದ್ಯುತ್ ನಿಗಮ ಕಟ್ಟಿದ ಕಾಲೊನಿ ಮಾಸ್ತಿಕಟ್ಟೆಯಲ್ಲಿದೆ. ಊರಿನವರ ಬಾಯಲ್ಲಿ ಅದು ಕೆಪಿಸಿ ಕಾಲೊನಿ. ನನ್ನ ಭಾವನಿಗೆ ಅಲ್ಲಿ ಕೆಲಸ, ಅಕ್ಕನ ಸಂಸಾರ ಅಲ್ಲಿಯ ಕ್ವಾರ್ಟರ್ಸಿನಲ್ಲಿ.

ತೊಂಬತ್ತರ ದಶಕದ ನಡುಭಾಗ. ನಾನು ಬೆಂಗಳೂರಿನಲ್ಲಿ ಒಂದು ಮುದ್ರಣಾಲಯಕ್ಕೆ ಕರಡು ತಿದ್ದಿಕೊಡುತ್ತ, ಒಂದು ವಾರಪತ್ರಿಕೆಗೆ ಧಾರಾವಾಹಿ ಬರೆದುಕೊಡುವುದಾಗಿ ಒಪ್ಪಿಕೊಂಡಿದ್ದೆ. ಹಿನ್ನೀರಿನ ಜನರ ಕಥೆ. ಬರೆಯಬೇಕೆಂಬ ಆಸೆ ನಿಜವಾಗಿತ್ತು, ಆದರೆ ಕೂತರೆ ಒಂದು ಸಾಲು ನಿಲ್ಲುತ್ತಿರಲಿಲ್ಲ. ವಾಕ್ಯ ಮುಗಿಯುವ ಮೊದಲೇ ಸಂಪಾದಕರು ಏನನ್ನುತ್ತಾರೆ, ವಿಮರ್ಶಕರು ಏನನ್ನುತ್ತಾರೆ, ನನಗಿಂತ ಚೆನ್ನಾಗಿ ಬರೆಯುವ ಗೆಳತಿ ಓದಿ ಏನಂದುಕೊಳ್ಳುತ್ತಾಳೆ ಎಂಬ ಯೋಚನೆ ಬರುತ್ತಿತ್ತು. ಗೀಚು, ಹರಿ, ಮತ್ತೆ ಬರೆ. ರಾತ್ರಿ ಮೂರು ಗಂಟೆಗೆ ಎಚ್ಚರ, ಎದೆ ಡವಡವ, ಬೆಳಗಾದರೆ ಹೊಟ್ಟೆಯಲ್ಲಿ ಉರಿ. ವೈದ್ಯರು ಮಾತ್ರೆ ಬರೆದುಕೊಟ್ಟು, ಸ್ವಲ್ಪ ದಿನ ಊರು ಬಿಟ್ಟು ಇರಿ ಅಂದರು. ಅಕ್ಕನಿಗೆ ಪತ್ರ ಹಾಕಿದೆ. "ಮೃಗಶಿರೆ ಹಿಡಿಯೋದರೊಳಗೆ ಬಂದುಬಿಡು, ಆಮೇಲೆ ಬಸ್ಸಿನ ಗ್ಯಾರಂಟಿ ಇಲ್ಲ" ಎಂದು ಉತ್ತರ ಬಂತು.

ಕಾಡಿನ ನಡುವಿನ ಪ್ರಶಾಂತ ಪರಿಸರದಲ್ಲಿ ಮನಸ್ಸು ತಾನಾಗಿ ಹಗುರಾಗಿ ಬರವಣಿಗೆ ಹರಿಯಿತು ಎಂದು ನಾನು ಬರೆದರೆ ಅದು ಮಾಸ್ತಿಕಟ್ಟೆಗೆ ಮಾಡುವ ಅನ್ಯಾಯ. ಪಕ್ಕದ ಹುಲಿಕಲ್ಲಿನಲ್ಲಿ ವರ್ಷಕ್ಕೆ ಆರೇಳು ಸಾವಿರ ಮಿಲಿಮೀಟರ್ ಮಳೆ ಬೀಳುತ್ತದೆ, ಮಾಸ್ತಿಕಟ್ಟೆಯೂ ಅದಕ್ಕೆ ಹೆಚ್ಚು ಹಿಂದಿಲ್ಲ. ಅಷ್ಟು ಮಳೆಯ ಸದ್ದಿನಲ್ಲಿ ಶಾಂತಿ ಎಲ್ಲಿಂದ ಬರಬೇಕು? ಆರಿದ್ರೆ ಬಿರುಸಾದಾಗ ಅಡುಗೆಮನೆಯಿಂದ ಅಕ್ಕ ಕೂಗಿದ್ದು ಪಡಸಾಲೆಗೆ ಕೇಳುತ್ತಿರಲಿಲ್ಲ. ಮಕ್ಕಳ ಗಲಾಟೆ ಬೇರೆ. ಒಣಗದ ಬಟ್ಟೆಯ ಮುಗ್ಗಲು ವಾಸನೆ, ಗೋಡೆಗೆ ಬೂಷ್ಟು, ಅಂಗಳಕ್ಕಿಳಿದರೆ ಕಾಲಿಗೆ ಇಂಬಳ. ಊರಿನವರಿಗೆ ಅವರವರದೇ ತಲೆಬಿಸಿ ಇತ್ತು. ಬೋರ್ಡೋ ಹೊಡೆಯಲು ಒಂದು ಹೊಳವು ಸಿಗದೆ ಅಡಿಕೆಗೆ ಕೊಳೆ ಬಂದೀತೆಂದು ತೋಟದವರು ಆಕಾಶ ನೋಡುತ್ತಿದ್ದರು. ಮರ ಬಿದ್ದು ತಂತಿ ಹರಿದ ಕಡೆ ಲೈನ್‌ಮನ್‌ಗಳು ಕೊರೆವ ಮಳೆಯಲ್ಲಿ ಕಂಬ ಹತ್ತುತ್ತಿದ್ದರು. ಅವರ ನಡುವೆ ಕೂತು, ಸಾಲು ಹುಟ್ಟುತ್ತಿಲ್ಲವೆಂಬ ನನ್ನ ಸಂಕಟವನ್ನು ಯಾರಿಗೆ ಹೇಳುವುದೆಂದು ತಿಳಿಯುತ್ತಿರಲಿಲ್ಲ. ಬಂದ ಮೊದಲ ದಿನಗಳಲ್ಲಿ ಬೆಂಗಳೂರಿನ ಪಾಡೇ ಅಲ್ಲೂ ಮುಂದುವರಿಯಿತು. ಹರಿದ ಹಾಳೆಗಳು ಬಚ್ಚಲ ಒಲೆ ಹೊತ್ತಿಸಲು ಉಪಯೋಗಕ್ಕೆ ಬಂದವು.

ಭಾವನ ಕೆಲಸಗಳಲ್ಲಿ ಮಳೆ ಅಳೆಯುವುದೂ ಒಂದು. ಬೆಳಿಗ್ಗೆ ಎಂಟೂವರೆಗೆ. ದೇಶದಲ್ಲೆಲ್ಲ ಮಳೆಯ ಲೆಕ್ಕ ತೆಗೆಯುವುದು ಅದೇ ಹೊತ್ತಿಗೆ, ಇಂದಿನ ಎಂಟೂವರೆಯಿಂದ ನಾಳೆಯ ಎಂಟೂವರೆವರೆಗೆ ಬಿದ್ದದ್ದು ಒಂದು ದಿನದ ಮಳೆ. ಒಂದು ದಿನ ನಾನೂ ಕೊಡೆ ಹಿಡಿದು ಭಾವನ ಹಿಂದೆ ಹೋದೆ. ಬೇಲಿ ಹಾಕಿದ ಸಣ್ಣ ಜಾಗ, ನಡುವೆ ನೆಲದಲ್ಲಿ ಹೂತ ಮಳೆಮಾಪಕ. ಮೇಲೆ ಆಲಿಕೆ, ಒಳಗೆ ನೀರು ಸೇರುವ ಬಾಟಲಿ. ಭಾವ ಅದನ್ನು ಹೊರತೆಗೆದು ಗೆರೆ ಕೊರೆದ ಅಳತೆಯ ಗಾಜಿಗೆ ಬಗ್ಗಿಸಿದರು. ಕಣ್ಣಿನ ಮಟ್ಟಕ್ಕೆ ಹಿಡಿದು ಓದಿದರು, ಚೆಲ್ಲಿದರು, ಮತ್ತೆ ತುಂಬಿದರು. ಘಟ್ಟದ ಮಳೆಗೆ ಆ ಗಾಜು ಒಂದು ಸಲಕ್ಕೆ ಸಾಲುವುದಿಲ್ಲ, ಮತ್ತೆ ಮತ್ತೆ ತುಂಬಿ ಚೆಲ್ಲಿ ಕೂಡಿಸಬೇಕು. ಕೊನೆಗೆ ಪ್ಲಾಸ್ಟಿಕ್ ಚೀಲದೊಳಗಿಂದ ರಿಜಿಸ್ಟರ್ ತೆಗೆದು ತಾರೀಖಿನ ಮುಂದೆ ಸಂಖ್ಯೆ ಬರೆದು ಸಹಿ ಮಾಡಿದರು.

"ಇವತ್ತು ಜಾಸ್ತಿ ಅಲ್ವಾ ಭಾವ?" ಅಂದೆ.

"ಜಾಸ್ತಿ ಕಮ್ಮಿ ಎಲ್ಲ ನಮಗೆಂತಕ್ಕೆ ಮಾರಾಯ್ತಿ? ಬಿದ್ದಷ್ಟು ಬರೆಯೋದು. ಜಾಸ್ತಿ ಆಯ್ತಾ ಕಮ್ಮಿ ಆಯ್ತಾ ಅಂತ ನೋಡೋರು ಬೇರೆ ಇದಾರೆ, ಅವರು ವರ್ಷದ ಕೊನೆಗೆ ನೋಡ್ತಾರೆ."

ರಿಜಿಸ್ಟರಿನ ಹಿಂದಿನ ಹಾಳೆ ತಿರುವಿದೆ. ಫೆಬ್ರವರಿಯ ಪುಟದಲ್ಲಿ ಉದ್ದಕ್ಕೂ ಸೊನ್ನೆ. ಸೊನ್ನೆಯ ಪಕ್ಕ ಸೊನ್ನೆ, ಒಂದೊಂದರ ಮುಂದೆಯೂ ಸಹಿ. ಮಳೆಯೇ ಇಲ್ಲದ ಕಾಲದಲ್ಲಿ ಮನೆಯಲ್ಲಿ ಕೂತೇ ಸೊನ್ನೆ ಹಾಕಬಹುದಿತ್ತಲ್ಲ ಎಂದು ಕೇಳಿದೆ. ಭಾವ ನನ್ನನ್ನು ನೋಡಿದ ರೀತಿ ಇನ್ನೂ ಕಣ್ಣ ಮುಂದಿದೆ. "ಹಾಗೆ ಬರೆಯೋ ಹಂಗಿಲ್ಲ. ಹೋಗಿ ನೋಡ್ಬೇಕು. ನೋಡಿದ ಮೇಲೇ ಸೊನ್ನೆ."

ಭಾವ ಸಾಹಿತ್ಯ ಓದುವವರಲ್ಲ, ನನಗೆ ಬುದ್ಧಿ ಹೇಳಬೇಕೆಂಬ ಯೋಚನೆಯೂ ಅವರಿಗಿರಲಿಲ್ಲ. ಆದರೆ ನನ್ನ ನೋವಿನ ಬುಡ ಎಲ್ಲಿದೆಯೆಂದು ಆ ಎರಡು ಮಾತುಗಳಿಂದ ನನಗೆ ಕಂಡಿತು. ಅಳೆಯುವ ಕೆಲಸ, ತೂಗಿ ನೋಡುವ ಕೆಲಸ ಎರಡನ್ನೂ ನಾನು ಒಂದೇ ಗಳಿಗೆಯಲ್ಲಿ ಮಾಡಲು ಹೊರಟಿದ್ದೆ. ಹನಿ ಬೀಳುವ ಮೊದಲೇ ಇದು ವಾಡಿಕೆಗಿಂತ ಕಡಿಮೆ ಎಂದು ತೀರ್ಪು ಕೊಡುತ್ತಿದ್ದೆ.

ಮರುದಿನ ಅಕ್ಕನ ಮಗನ ಹಳೆಯ ನೋಟುಪುಸ್ತಕ ಒಂದನ್ನು ಕೇಳಿ ತೆಗೆದುಕೊಂಡು ಗೆರೆ ಎಳೆದೆ. ತಾರೀಖು, ಕೂತ ಹೊತ್ತು, ಬರೆದದ್ದು ಎಷ್ಟು, ಸಹಿ. ಬೆಳಿಗ್ಗೆ ಎಂಟೂವರೆಗೆ ಭಾವ ಹೊರಗೆ ಹೊರಟರೆ ನಾನು ಒಳಕೋಣೆಯ ಕಿಟಕಿಯ ಮುಂದೆ ಕೂರುವುದು, ಹತ್ತೂವರೆಗೆ ಅಕ್ಕ ಎರಡನೇ ಕಾಫಿಗೆ ಕರೆದಾಗ ಏಳುವುದು. ಆ ಹೊತ್ತಿನಲ್ಲಿ ಬರೆದದ್ದನ್ನು ಅಳಿಸುವಂತಿಲ್ಲ. ಏನೂ ಹುಟ್ಟದಿದ್ದರೂ ಹತ್ತೂವರೆವರೆಗೆ ಕೂತು, ಆಮೇಲೆ ಸೊನ್ನೆ ಬರೆದು ಸಹಿ ಮಾಡಬೇಕು. ಕೂರದೆ ಸೊನ್ನೆ ಹಾಕುವಂತಿಲ್ಲ. ಹತ್ತೂವರೆ ಆದ ಮೇಲೆ ಎಷ್ಟೇ ಹುಮ್ಮಸ್ಸಿದ್ದರೂ ಮುಂದುವರಿಸುವಂತಿಲ್ಲ. ಎಲ್ಲಕ್ಕಿಂತ ಕಷ್ಟವಾದದ್ದು ಈ ಕೊನೆಯದು. ಒಂದು ದಿನ ಕೈ ಓಡಿತೆಂದು ಸಂಜೆವರೆಗೆ ಬರೆದು, ಮುಂದಿನ ಎರಡು ದಿನ ಬಳಲಿ ಬೀಳುವುದು ನನ್ನ ಹಳೆಯ ಚಾಳಿ. ನಿಲ್ಲಿಸಿದ ಮೇಲೆ ಒಂದು ಚೀಟಿಯಲ್ಲಿ ನಾಳೆಗೊಂದು ಪ್ರಶ್ನೆ ಬರೆದಿಡುತ್ತಿದ್ದೆ: ಅವಳು ದೋಣಿ ಹತ್ತುವಾಗ ಕೈಯಲ್ಲಿ ಏನಿತ್ತು? ಮಾವನ ಮನೆಯವರಿಗೆ ಪರಿಹಾರದ ದುಡ್ಡು ಯಾವಾಗ ಬಂತು? ಪ್ರಶ್ನೆ ಸಣ್ಣದಿದ್ದಷ್ಟೂ ಮರುದಿನ ಕೂರುವುದು ಸುಲಭವಾಗುತ್ತಿತ್ತು.

ಬರೆದ ಹಾಳೆಗಳ ಗತಿಯನ್ನು ಮಾಸ್ತಿಕಟ್ಟೆಯ ತೇವವೇ ತೀರ್ಮಾನಿಸಿತು. ಮೇಜಿನ ಮೇಲಿಟ್ಟರೆ ಶಾಯಿ ಒಡೆಯುತ್ತಿತ್ತು, ಹಾಳೆ ಒಂದಕ್ಕೊಂದು ಅಂಟುತ್ತಿತ್ತು. ಹಿಂದುಗಡೆ ಶೀಟು ಹಾಕಿ ಮಾಡಿಕೊಂಡ ಬಚ್ಚಲಿನಲ್ಲಿ ಒಲೆಯ ಮೇಲೊಂದು ಅಟ್ಟವಿತ್ತು. ಹಪ್ಪಳದ ಡಬ್ಬಿ, ಬಿತ್ತನೆ ಬೀಜ, ಉಪ್ಪಿನ ಮಡಕೆ ಇಡುವ ಜಾಗ ಅದು. ಅಕ್ಕ ಹಾಳೆಗಳನ್ನು ಬಟ್ಟೆಯಲ್ಲಿ ಸುತ್ತಿ ಅಲ್ಲಿಟ್ಟಳು. "ದಿನಾ ತೆಗೆದು ನೋಡ್ತಾ ಕೂತ್ರೆ ಮತ್ತೆ ತಂಡಿ ಆಗ್ತದೆ, ಒಂದೇ ಸಲ ತೆಗಿ" ಅಂದಳು. ಅವಳು ಹೇಳಿದ್ದು ಕಾಗದದ ಮಾತು. ನಾನು ಅದನ್ನು ಬರವಣಿಗೆಗೂ ಹಚ್ಚಿಕೊಂಡೆ. ಮಘೆ ಮಳೆ ಹಿಡಿಯುವವರೆಗೆ, ಅಂದರೆ ಆಗಸ್ಟ್ ನಡುವಿನವರೆಗೆ, ಹಿಂದಿನ ಹಾಳೆ ಓದುವುದಿಲ್ಲವೆಂದು ನಿಶ್ಚಯಿಸಿದೆ. ಕಂತು ಕಂತಾಗಿ ಕಳಿಸಲಾರೆ, ಪೂರ್ತಿ ಮುಗಿದ ಮೇಲೆ ಕೊಡುತ್ತೇನೆ ಎಂದು ಸಂಪಾದಕರಿಗೆ ಬರೆದೆ. ಅವರು ಒಪ್ಪಿಕೊಂಡರು. ಆ ಒಪ್ಪಿಗೆಯ ಪತ್ರ ಕೈಗೆ ಬರಲು ಬಹಳ ದಿನ ಹಿಡಿಯಿತು. ಮರ ಬಿದ್ದು ಬಸ್ಸು ನಿಂತ ದಿನ ಅಂಚೆಯೂ ಇಲ್ಲ, ಫೋನಿನ ತಂತಿ ಸತ್ತರೆ ವಾರಗಟ್ಟಲೆ ಸದ್ದಿಲ್ಲ. ನನ್ನ ಉದ್ವೇಗದ ಅರ್ಧಪಾಲು ಬರೆಯುವುದರದಲ್ಲ, ಉತ್ತರ ಕಾಯುವುದರದು ಎಂದು ಆಗ ಗೊತ್ತಾಯಿತು. ಉತ್ತರ ಬರುವ ದಾರಿಯೇ ಮುಚ್ಚಿದ್ದರಿಂದ ಕಾಯುವ ಕೆಲಸವೂ ನಿಂತಿತು.

ಮಧ್ಯಾಹ್ನದ ನಂತರ ಕಾದಂಬರಿಯ ಮಾತಿಲ್ಲ. ಅಕ್ಕನ ಜೊತೆ ಕಳಲೆ ಹೆಚ್ಚಿ ನೀರಲ್ಲಿ ಹಾಕುವುದು, ದಿನಾ ಆ ನೀರು ಬದಲಿಸುವುದು, ಪತ್ರೊಡೆಗೆ ಕೆಸುವಿನ ಎಲೆಯ ನಾರು ತೆಗೆಯುವುದು, ಮಕ್ಕಳ ಬಟ್ಟೆಯನ್ನು ಒಲೆಯ ಮುಂದೆ ಹರವುವುದು. ಕೈಗೆ ಕೆಲಸವಿದ್ದು ಬಾಯಿಗೆ ಮಾತಿದ್ದರೆ ತಲೆಯೊಳಗಿನ ಗದ್ದಲ ತಗ್ಗುತ್ತದೆ. ಅಲ್ಲಿ ಕೇಳಿದ ಎಷ್ಟೋ ಸಂಗತಿ ಕಾದಂಬರಿಗೆ ಬಂದಿತು. ನೆರೆಮನೆಯ ಅಜ್ಜಿಯೊಬ್ಬರ ಗದ್ದೆ ಮಾಣಿಯ ನೀರಿನಡಿ ಹೋಗಿತ್ತು. ಮಳೆ ಜೋರಾದ ದಿನ ಅವರು ಭಾವನನ್ನು ತಡೆದು ಡ್ಯಾಮಿನ ಮಟ್ಟ ಕೇಳುತ್ತಿದ್ದರು. ಜಲಾಶಯದ ಪೂರ್ಣಮಟ್ಟ 594.36 ಮೀಟರ್ ಎಂಬುದು ಅವರಿಗೆ ಬಾಯಿಪಾಠ. ಬೇಸಿಗೆಯಲ್ಲಿ ನೀರು ಇಳಿದರೆ ತಮ್ಮ ಗದ್ದೆಯ ಬದು ಕಾಣುತ್ತದೆ, ಮಳೆಗಾಲದಲ್ಲಿ ಮತ್ತೆ ಮುಳುಗುತ್ತದೆ, ಅದಕ್ಕೆ ಕೇಳುತ್ತೇನೆ ಅಂದರು. ನನ್ನ ಒಂದು ಅಧ್ಯಾಯ ಪೂರ್ತಿ ಆ ಮಾತಿನಿಂದ ಹೊರಟಿತು. ಬೆಂಗಳೂರಿನ ಮೇಜಿನ ಮುಂದೆ ತಲೆ ಹಿಡಿದು ಕೂತಿದ್ದರೆ ಅದು ಸಿಗುತ್ತಿರಲಿಲ್ಲ.

ಪುನರ್ವಸು ಕಳೆಯುವ ಹೊತ್ತಿಗೆ ರಾತ್ರಿಯ ಎಚ್ಚರ ನಿಂತಿತು. ನೋಟುಪುಸ್ತಕದಲ್ಲಿ ಕೆಲವು ಸೊನ್ನೆಗಳಿದ್ದವು, ಕೆಲವು ದಿನ ಅರ್ಧ ಪುಟ, ಕೆಲವು ದಿನ ಮೂರ್ನಾಲ್ಕು. ಆಗಸ್ಟ್ ನಡುವಿನ ಹೊತ್ತಿಗೆ ಅಟ್ಟದ ಮೇಲಿನ ಗಂಟು ಒಂದು ಕಾದಂಬರಿಯ ಗಾತ್ರಕ್ಕೆ ಬಂದಿತ್ತು. ಮಘೆಯಲ್ಲಿ ಬಿಚ್ಚಿ ಓದಿದೆ. ಮುಖ ಸಿಂಡರಿಸಿ ಹೆಣಗಿ ಬರೆದ ದಿನದ ಪುಟ ಯಾವುದು, ಖುಷಿಯಲ್ಲಿ ಬರೆದ ದಿನದ ಪುಟ ಯಾವುದು ಎಂದು ನನಗೇ ಗುರುತಾಗಲಿಲ್ಲ. ಅಂದಂದಿನ ಮನಸ್ಥಿತಿಗೂ ಪುಟದ ಗುಣಕ್ಕೂ ನಾನು ನಂಬಿದ್ದಂಥ ನಂಟಿಲ್ಲ ಎಂದು ತಿಳಿದ ಆ ಮಧ್ಯಾಹ್ನ ನನಗೆ ಯಾವ ಪ್ರಶಸ್ತಿಗಿಂತ ದೊಡ್ಡದು.

ಹೊಸ ಸಂಗತಿಯನ್ನೇನೂ ನಾನು ಕಂಡುಹಿಡಿದಿರಲಿಲ್ಲ. ನನ್ನ ಸುತ್ತಲಿನ ಸೀಮೆಯ ಬರಹಗಾರರು ಇದನ್ನು ಬದುಕಿಯೇ ತೋರಿಸಿದ್ದರು. ಎಂ.ಕೆ. ಇಂದಿರಾ ಹುಟ್ಟಿದ್ದು 1917ರಲ್ಲಿ, ತೀರ್ಥಹಳ್ಳಿಯಲ್ಲಿ. ಹನ್ನೆರಡನೆಯ ವಯಸ್ಸಿಗೆ ಮದುವೆ, ಓದು ಅಲ್ಲಿಗೇ ಮೊಟಕು. ಕಾದಂಬರಿ ಬರೆಯಲು ಕೂತಾಗ ನಲವತ್ತೈದು. 1963ರಲ್ಲಿ ‘ತುಂಗಭದ್ರಾ’ ಬಂತು, ಆಮೇಲೆ ಒಂದರ ಹಿಂದೊಂದು, 1976ರಲ್ಲಿ ‘ಫಣಿಯಮ್ಮ’. ಸಂಸಾರದ ನಡುವೆ ಬರೆಯುವುದೆಂದರೆ ಏನೆಂದು ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಿಡುವು ಸಿಕ್ಕಮೇಲೆ ಬರೆಯುತ್ತೇನೆ ಅನ್ನುವವರಿಗೆ ಬಿಡುವು ಸಿಗುವುದೇ ಇಲ್ಲ.

ನಾ. ಡಿಸೋಜ ಸಾಗರದವರು. ಶರಾವತಿ ಯೋಜನೆಯಲ್ಲಿ, ಲೋಕೋಪಯೋಗಿ ಇಲಾಖೆಯ ನೌಕರರಾಗಿ ಇದ್ದವರು. ಅಣೆಕಟ್ಟೆ ಕಟ್ಟುವ ಕಚೇರಿಯ ಕಡತಗಳ ನಡುವೆ ಹಗಲು ಕಳೆದು, ಅದೇ ಅಣೆಕಟ್ಟೆ ಮುಳುಗಿಸಿದವರ ಪರವಾಗಿ ‘ಮುಳುಗಡೆ’, ‘ದ್ವೀಪ’ ಬರೆದರು. ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿ 2002ರಲ್ಲಿ ಸಿನಿಮಾ ಮಾಡಿದರು. 2014ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನಕ್ಕೆ ಡಿಸೋಜ ಅಧ್ಯಕ್ಷರಾದರು. ಕಾದಂಬರಿ, ಕಥೆ, ಮಕ್ಕಳ ಪುಸ್ತಕ ಎಲ್ಲ ಸೇರಿ ಅವರು ಬರೆದಿಟ್ಟ ರಾಶಿ ನೋಡಿದರೆ ಇಷ್ಟನ್ನು ನೌಕರಿ ಮಾಡುತ್ತ ಯಾವಾಗ ಬರೆದರು ಎನ್ನಿಸುತ್ತದೆ. ನೌಕರಿ ಅವರ ಬರವಣಿಗೆಗೆ ಅಡ್ಡಿಯಾಗಿತ್ತೆಂದು ನನಗೆ ತೋರುವುದಿಲ್ಲ. ಆ ಕಚೇರಿಯಲ್ಲಿ ಇದ್ದುದರಿಂದಲೇ ಮುಳುಗಡೆಯ ಒಳಸುಳಿ ಅವರಿಗೆ ಅಷ್ಟು ಹತ್ತಿರದಿಂದ ಕಂಡಿತು. ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ಗೆ ಒಂಬತ್ತು ವರ್ಷ ಕೊಟ್ಟದ್ದು ಕಾಲೇಜಿನಲ್ಲಿ ಪಾಠ ಹೇಳುತ್ತಲೇ. ಇಂಗ್ಲೆಂಡಿನ ಆಂಟನಿ ಟ್ರೊಲೋಪ್ ಅಂಚೆ ಇಲಾಖೆಯ ಅಧಿಕಾರಿ. ಬೆಳಗಿನ ಐದೂವರೆಗೆ ಎದುರಿಗೆ ಗಡಿಯಾರ ಇಟ್ಟುಕೊಂಡು ಕಾಲು ಗಂಟೆಗೆ 250 ಪದದಂತೆ ಬರೆದು 47 ಕಾದಂಬರಿ ಮುಗಿಸಿದರು. ಅವರು ತೀರಿಕೊಂಡ ಮೇಲೆ, 1883ರಲ್ಲಿ, ಆತ್ಮಕಥೆಯಿಂದ ಇದು ಹೊರಬಿದ್ದಾಗ ಕೆಲವು ಓದುಗರಿಗೆ ಬೇಸರವಾಯಿತಂತೆ. ನನಗೆ ಬೇಸರವಾಗುವುದಿಲ್ಲ. ಕಾಲು ಗಂಟೆಯ ಲೆಕ್ಕ ನನ್ನಿಂದ ಆಗದು, ಅಷ್ಟೆ.

ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಬಾಯ್ಸ್ 1983ರಲ್ಲಿ ಪ್ರಕಟಿಸಿದ ಅಧ್ಯಯನವೊಂದನ್ನು ಬಹಳ ವರ್ಷಗಳ ನಂತರ ಓದಿದೆ. ಕಾಲೇಜು ಅಧ್ಯಾಪಕರನ್ನು ಮೂರು ಗುಂಪು ಮಾಡಿದ್ದರು. ಒಂದು ಗುಂಪಿಗೆ ಬರೆಯಲೇಬೇಡಿ ಅಂದರು, ಇನ್ನೊಂದಕ್ಕೆ ಮನಸ್ಸು ಬಂದಾಗ ಬರೆಯಿರಿ ಅಂದರು, ಮೂರನೆಯದಕ್ಕೆ ಮನಸ್ಸಿರಲಿ ಬಿಡಲಿ ದಿನಾ ಬರೆಯುವ ಕಟ್ಟು ಹಾಕಿದರು. ಹೆಚ್ಚು ಪುಟ ಬರೆದದ್ದು ಮೂರನೆಯ ಗುಂಪು. ಅದರಲ್ಲಿ ಆಶ್ಚರ್ಯವಿಲ್ಲ. ಹೊಸ ಹೊಸ ಯೋಚನೆಗಳು ಹೆಚ್ಚು ಹೊಳೆದದ್ದೂ ಅವರಿಗೇ. ಸ್ಫೂರ್ತಿ ಬಂದ ಮೇಲೆ ಕೂರಬೇಕು ಎಂಬ ನಂಬಿಕೆಯಿಂದ ಎಷ್ಟು ಮಂದಿ ಎಳೆಯರು ನರಳುತ್ತಾರೆಂದು ನೆನೆದರೆ, ಈ ಮಾತನ್ನು ಶಾಲೆಯಲ್ಲೇ ಹೇಳಿಕೊಡಬೇಕು ಅನ್ನಿಸುತ್ತದೆ.

ಈಗ ಮಳೆ ಅಳೆಯುವ ಬಗೆ ಬದಲಾಗಿದೆ. ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದವರು ಹೋಬಳಿ, ಪಂಚಾಯಿತಿಗಳಲ್ಲಿ ನೆಟ್ಟ ಯಂತ್ರಗಳು ಹದಿನೈದು ನಿಮಿಷಕ್ಕೊಮ್ಮೆ ತಾವಾಗಿ ಲೆಕ್ಕ ಕಳಿಸುತ್ತವೆ. ಪ್ರವಾಹದ ಮುನ್ನೆಚ್ಚರಿಕೆಗೆ ಅದು ಬೇಕು, ಅದರಿಂದ ಜೀವ ಉಳಿಯುತ್ತದೆ. ಬರೆಯುವವರಿಗೆ ಮಾತ್ರ ಹಾಗೆ ಗಳಿಗೆಗೊಮ್ಮೆ ಲೆಕ್ಕ ನೋಡುವುದು ಕೇಡು. ಇವತ್ತು ಕಥೆಯೊಂದನ್ನು ಹೊರಬಿಟ್ಟ ಹುಡುಗ ಹುಡುಗಿಯರು ಎಷ್ಟು ಜನ ನೋಡಿದರು, ಯಾರು ಮೆಚ್ಚಿದರು ಎಂದು ಮೊಬೈಲಿನಲ್ಲಿ ಕಾಲು ಗಂಟೆಗೊಮ್ಮೆ ನೋಡಿಕೊಳ್ಳುತ್ತಾರೆ. ನಾನು ಅಂಚೆಗಾಗಿ ಕಾದು ಪಟ್ಟ ಪಾಡನ್ನು ಅವರು ದಿನಕ್ಕೆ ಎಷ್ಟು ಸಲ ಪಡುತ್ತಾರೋ. ಕೆಲಸ ಬಿಟ್ಟು ಪೂರ್ತಿ ಬರವಣಿಗೆಗೆ ಇಳಿಯಲೇ ಎಂದು ಕೇಳಿಕೊಂಡು ಬಂದ ಹುಡುಗಿಯೊಬ್ಬಳಿಗೆ ಬೇಡ ಅಂದೆ. ಸಂಬಳ ಇರಲಿ, ಬೆಳಗಿನ ಒಂದು ಹೊತ್ತನ್ನು ಮಾತ್ರ ಯಾರಿಗೂ ಕೊಡಬೇಡ, ಆ ಹೊತ್ತಿನಲ್ಲಿ ಫೋನ್ ಇನ್ನೊಂದು ಕೋಣೆಯಲ್ಲಿರಲಿ ಅಂದೆ. ತಿಂಗಳುಗಟ್ಟಲೆ ನಿದ್ದೆಯೇ ಬಾರದಿದ್ದರೆ, ಎದೆಯ ಭಾರ ಇಳಿಯದಿದ್ದರೆ, ನೋಟುಪುಸ್ತಕ ನೆಚ್ಚಿ ಕೂರದೆ ಮೊದಲು ವೈದ್ಯರ ಹತ್ತಿರ ಹೋಗು ಎಂದೂ ಹೇಳಿದೆ. ನಾನು ಕೂಡ ಆ ಮಳೆಗಾಲದಲ್ಲಿ ಮಾತ್ರೆ ನುಂಗುತ್ತಲೇ ಇದ್ದೆ.

ಭಾವ ನಿವೃತ್ತರಾಗಿ ಅಕ್ಕನೊಡನೆ ಹೊಸನಗರದಲ್ಲಿದ್ದಾರೆ. ಬೆಂಗಳೂರಿನ ನನ್ನ ಕೋಣೆಯಲ್ಲಿ ಗೆರೆ ಎಳೆದ ನೋಟುಪುಸ್ತಕಗಳ ಸಾಲು ಬೆಳೆದಿದೆ. ಸದ್ಯ ಬರೆಯುತ್ತಿರುವುದು ಮಾಣಿಯ ನೀರು ಮೊದಲ ಸಲ ಏರಿದ ವರ್ಷದ ಕಥೆ. ಇವತ್ತಿನ ಚೀಟಿಯಲ್ಲಿರುವ ಪ್ರಶ್ನೆ: ಮನೆ ಬಿಟ್ಟು ಹೊರಡುವವರು ತುಳಸಿಕಟ್ಟೆಯನ್ನು ಒಡೆದು ಕಲ್ಲು ಸಾಗಿಸಿದರೋ, ಗಿಡವನ್ನಷ್ಟೇ ಕಿತ್ತುಕೊಂಡು ಹೋದರೋ? ಅಕ್ಕನಿಗೆ ಗೊತ್ತಿರಬಹುದು. ಸಂಜೆ ಅವಳ ಅಡುಗೆ ಕೆಲಸ ಮುಗಿದ ಮೇಲೆ ಫೋನ್ ಮಾಡಿ ಕೇಳಬೇಕು.